ಲಾರಿಯ ಅಡಿಯಲ್ಲಿ ಅತ್ತೆಯವರ ಸುಣ್ಣದ ಡಬ್ಬಿ

ಬಚ್ಚಿಟ್ಟ ವಸ್ತುವನ್ನು ಹುಡುಕುವ ವಿದ್ಯೆಯಲ್ಲಿ ಇಡೀ ಬಳ್ಳಾರಿ ಜಿಲ್ಲೆಗೆ ನಾನೇ ಮೊದಲಿಗ ಎಂದು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇರಲಿಲ್ಲ. ಈ ವಿದ್ಯೆ ಬಲ್ಲವರು ಜಿಲ್ಲೆಯಲ್ಲಿ ಇದ್ದದ್ದೇ ಇಬ್ಬರು. ಒಬ್ಬ ನಾನು. ಇನ್ನೊಬ್ಬ ಗಾಂಧಿನಗರದಲ್ಲಿ ನಟ್ಟು-ಬೋಲ್ಟಿನ ಅಂಗಡಿ ಇಟ್ಟಿರುವ ನನ್ನ ಶಾಲೆಯ ಗೆಳೆಯ ಖಾದರ. ಇಬ್ಬರಲ್ಲಿ ಒಬ್ಬರು ಮೊದಲಿಗರಾಗಲೇಬೇಕಲ್ಲ!

ಗಣಿ ಧೂಳು ಊರನ್ನೇ ಆಳುತ್ತಿದ್ದ ಕಾಲವದು. ಮರದ ಎಲೆ, ಒಣಹಾಕಿದ ಪಂಚೆ, ಬೀದಿಯ ನಾಯಿ, ಎಲ್ಲಕ್ಕೂ ಒಂದೇ ಬಣ್ಣ. ನಾನು ಸರ್ವೆ ಮಾಡುವ ಖಾಸಗಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುತ್ತಿದ್ದೆ. ಕಚೇರಿಗೆ ಹೊಸ ಜಿಪಿಎಸ್ ಯಂತ್ರಗಳು ಬಂದಾಗ ಹಳೆಯದೊಂದನ್ನು ನನಗೆ ಕೊಟ್ಟುಬಿಟ್ಟರು. ಅಂಗೈಯಗಲದ ಯಂತ್ರ. ಬಯಲಿನಲ್ಲಿ ಹಿಡಿದು ನಿಂತರೆ ಈ ಭೂಮಂಡಲದ ಮೇಲೆ ನಾವು ಎಲ್ಲಿದ್ದೇವೆ ಎಂಬುದನ್ನು ಅಂಕಿಗಳಲ್ಲಿ ಹೇಳುತ್ತದೆ. ಮನೆಯ ಮುಂದೆ ನಿಂತು ನನ್ನ ಹೆಂಡತಿ ಸುವರ್ಣಾಳಿಗೆ ಅದನ್ನು ತೋರಿಸಿದೆ.

"ನಾವು ಪಾರ್ವತಿನಗರದಾಗ ಅದೀವಿ ಅಂತ ನಂಗ ಮೊದ್ಲ ಗೊತ್ತೈತ್ರಿ" ಎಂದು ಹೇಳಿ ಅವಳು ಒಳಗೆ ಹೋದಳು.

ಆಗ ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ನಾನು ಕಂಡುಕೊಂಡದ್ದೇ ಜಿಯೋಕ್ಯಾಶಿಂಗ್ ಎಂಬ ಮಹಾವಿದ್ಯೆ. ಒಂದು ಡಬ್ಬಿಯನ್ನು ಎಲ್ಲೋ ಬಚ್ಚಿಡುವುದು, ಆ ಜಾಗದ ಅಕ್ಷಾಂಶ-ರೇಖಾಂಶವನ್ನು ಸಾರುವುದು. ಬೇರೆಯವರು ಯಂತ್ರ ಹಿಡಿದುಕೊಂಡು ಬಂದು ಹುಡುಕಿ, ಡಬ್ಬಿಯೊಳಗಿನ ಚೀಟಿಯಲ್ಲಿ ಹೆಸರು ಬರೆದು, ಇದ್ದ ಜಾಗದಲ್ಲೇ ಇಟ್ಟು ಹೋಗಬೇಕು. ಮನೆಗೆ ಒಯ್ಯುವಂತಿಲ್ಲ. ಒಳಗಿನ ಸಣ್ಣಪುಟ್ಟ ಸಾಮಾನು ಬೇಕಾದರೆ ತೆಗೆದುಕೊಳ್ಳಬಹುದು, ಆದರೆ ಬದಲಿಗೆ ಏನಾದರೂ ಇಡಬೇಕು. ಸಿಕ್ಕಿದ್ದನ್ನು ಮನೆಗೆ ಒಯ್ಯದಿದ್ದರೆ ಹುಡುಕುವುದಾದರೂ ಯಾಕೆ ಎಂದು ಖಾದರ ಮೊದಲು ಕೇಳಿದ್ದ. ನಾನು ಕೋಟೆ ಗುಡ್ಡದ ಬುಡದಲ್ಲಿಟ್ಟ ಒಂದು ಡಬ್ಬಿ ಅವನಿಗೆ ಸಿಕ್ಕ ದಿನದಿಂದ ಆ ಪ್ರಶ್ನೆ ಅವನ ಬಾಯಿಂದ ಮತ್ತೆ ಬರಲಿಲ್ಲ. ಇದ್ದ ಒಂದೇ ಯಂತ್ರವನ್ನು ಸರದಿಯಂತೆ ಒಯ್ಯುತ್ತಿದ್ದೆವು.

ಬರೀ ಡಬ್ಬಿ ಬೇಗ ಬೇಸರ ತರಿಸಿತು. ನಾವು ವಿಚಿತ್ರ ಬಗೆಗಳಿಗೆ ಇಳಿದೆವು. ಸಿಮೆಂಟಿನಲ್ಲಿ ಟೊಳ್ಳು ಕಲ್ಲು ಮಾಡಿ ಕುರುಗೋಡಿನ ಬಂಡೆಗಳ ನಡುವೆ ಇಟ್ಟೆ. ಇಂಥದ್ದನ್ನು ಹುಡುಕುವ ಉಪಾಯ ಸರಳ. ಎಲ್ಲ ಕಲ್ಲಿನ ಮೇಲೂ ಧೂಳಿದ್ದು ಒಂದೇ ಒಂದು ಕಲ್ಲು ಸ್ನಾನ ಮಾಡಿದಂತೆ ಕಂಡರೆ ಅದೇ ಡಬ್ಬಿ. ಒಂದು ಡಬ್ಬಿಯಲ್ಲಿ ಇನ್ನೊಂದು ಜಾಗದ ಅಂಕಿ, ಅಲ್ಲಿ ಹೋದರೆ ಮತ್ತೊಂದರದ್ದು, ಹೀಗೆ ಸುತ್ತಿಸುವ ಬಗೆಯೂ ಉಂಟು. ಸರ್ಕಾರಿ ಕಚೇರಿಗೆ ಓಡಾಡಿದವರಿಗೆ ಇದು ತಾನಾಗಿಯೇ ಬರುತ್ತದೆ. ಡಬ್ಬಿಯೇ ಇಲ್ಲದ ಬಗೆಯೂ ಇದೆ: ಜಾಗಕ್ಕೆ ಹೋಗಿ ಕಣ್ಣಾರೆ ನೋಡಿ, ಕೇಳಿದ ಪ್ರಶ್ನೆಗೆ ಉತ್ತರ ಹೇಳಿದರೆ ಸಾಕು. ಖಾದರನಿಗೆ ಇದು ಹಿಡಿಸಲಿಲ್ಲ. ಇಲ್ಲದ್ದನ್ನು ಹುಡುಕಲು ಪೆಟ್ರೋಲು ಯಾಕೆ ಸುಡಬೇಕು ಎಂದ.

ಅವನ ಪಾಂಡಿತ್ಯವಿದ್ದದ್ದು ಬೋಲ್ಟಿನಲ್ಲಿ. ದಪ್ಪನೆಯ ಬೋಲ್ಟೊಂದರ ಒಳಗೆ ರಂಧ್ರ ಕೊರೆಸಿ, ಅದರಲ್ಲಿ ಚೀಟಿ ತುರುಕಿ, ಕುರುಗೋಡಿನ ರಸ್ತೆಬದಿ ಎಲ್ಲೋ ಹಾಕಿ ಬಂದು ಅಂಕಿ ಕೊಟ್ಟ. ಅಲ್ಲಿಗೆ ಹೋದೆ. ಸುತ್ತ ಕಣ್ಣಿಗೆ ಬಿದ್ದ ಕಬ್ಬಿಣವೆಂದರೆ ಊರಿನ ಹೆಸರು ಬರೆದ ಬೋರ್ಡು. ಪಾನಾ ತೆಗೆದು ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿದೆ. ಯಾವುದೂ ಟೊಳ್ಳಾಗಿರಲಿಲ್ಲ. ಕೊನೆಯ ಬೋಲ್ಟು ಕೈಗೆ ಬಂದಾಗ ಬೋರ್ಡೂ ಕೈಗೆ ಬಂತು. ಬಿಟ್ಟರೆ ಕಾಲ ಮೇಲೆ ಬೀಳುತ್ತದೆ, ಹಾಕೋಣವೆಂದರೆ ಬೋಲ್ಟುಗಳು ಹುಲ್ಲಿನಲ್ಲಿ ಚೆಲ್ಲಿವೆ. ನನ್ನ ಪರದಾಟ ನೋಡಲು ಖಾದರ ಬರುವವರೆಗೆ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತೆ. ದಾರಿಹೋಕರೊಬ್ಬರು ಬೈಕು ನಿಲ್ಲಿಸಿ, ಬೋರ್ಡನ್ನು ಓದಿ, ನನ್ನನ್ನೇ ಕುರುಗೋಡಿಗೆ ದಾರಿ ಕೇಳಿದರು. ಅಸಲಿ ಬೋಲ್ಟು ಪಕ್ಕದ ಬೇಲಿಯ ಕಂಬದಲ್ಲಿತ್ತು. ಖಾದರ ನಕ್ಕಿದ್ದನ್ನು ನಾನು ಮರೆಯಲಿಲ್ಲ.

ಸೇಡಿಗಾಗಿ ನಾನು ಅಯಸ್ಕಾಂತದ ಬಗೆಯನ್ನು ಆರಿಸಿಕೊಂಡೆ. ಕಬ್ಬಿಣದ ಸಾಮಾನಿನ ಅಡಿಗೆ, ಕಣ್ಣಿಗೆ ಕಾಣದ ಕಡೆ, ಡಬ್ಬಿ ಅಂಟಿಕೊಂಡಿರುತ್ತದೆ. ಇದನ್ನು ನೋಡಿ ಹುಡುಕಲಾಗದು, ತಡವಿಯೇ ಹುಡುಕಬೇಕು. ಕೆಟ್ಟ ಟೇಪ್ ರೆಕಾರ್ಡರಿನ ಸ್ಪೀಕರಿನಿಂದ ಅಯಸ್ಕಾಂತ ಕಿತ್ತೆ. ನೀರು, ಧೂಳು ಹೋಗದ ಪುಟ್ಟ ಡಬ್ಬಿಯೊಂದು ಬೇಕಿತ್ತು. ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಉಪ್ಪಿನಕಾಯಿ ಜಾಡಿಯ ಹಿಂದೆ, ಬಿಗಿ ಮುಚ್ಚಳದ ಹಿತ್ತಾಳೆ ಡಬ್ಬಿಯೊಂದು ಸಿಕ್ಕಿತು. ಒಳಗೆ ಒಣಗಿ ಚಕ್ಕೆಯಾದ ಸುಣ್ಣ. ಅದು ತೀರಿಹೋದ ನನ್ನ ಅತ್ತೆಯವರ ಎಲೆ-ಅಡಿಕೆ ಸುಣ್ಣದ ಡಬ್ಬಿ ಎಂದು ನನಗೆ ಗೊತ್ತಿತ್ತು. ಯಾರೂ ಬಳಸದ ಡಬ್ಬಿ, ಖಾದರ ಸೋಲೊಪ್ಪಿದ ಮೇಲೆ ತಂದಿಟ್ಟರಾಯಿತು ಎಂದುಕೊಂಡೆ. ಚಕ್ಕೆ ಕೆರೆದು ತೆಗೆದೆ, ಅಯಸ್ಕಾಂತ ಅಂಟಿಸಿದೆ, "ಸಿಕ್ಕವರು ಹೆಸರು ಬರೆದು ಇದ್ದಲ್ಲೇ ಇಡಬೇಕಾಗಿ ವಿನಂತಿ" ಎಂಬ ಚೀಟಿ ಹಾಕಿದೆ.

ಇನ್ನು ಅಲ್ಲಾಡದ ಕಬ್ಬಿಣ ಬೇಕು. ಕುರುಗೋಡು ರಸ್ತೆಯ ಪಕ್ಕದಲ್ಲಿ ಒಂದು ಲಾರಿ ಯಾವ ಕಾಲದಿಂದಲೋ ನಿಂತಿತ್ತು. ಟೈರುಗಳು ಮಣ್ಣಿನಲ್ಲಿ ಹೂತಿದ್ದವು. ಬಾನೆಟ್ಟಿನ ಕೆಳಗಿನಿಂದ ಬಳ್ಳಾರಿ ಜಾಲಿ ಬೆಳೆದು ಮೇಲೆ ಬಂದಿತ್ತು. ಡ್ರೈವರ್ ಸೀಟಿನಲ್ಲಿ ಒಂದು ಕೋಳಿ ಮೊಟ್ಟೆಗೆ ಕೂತಿತ್ತು. ಹಿಂಬದಿಯ ಹಲಗೆಯ ಮೇಲೆ ಯಾರೋ ಬರೆದಿದ್ದ ಹಸಿರು ಗಿಳಿಯೊಂದೇ ಆ ಲಾರಿಯಲ್ಲಿ ಜೀವವಿದ್ದಂತೆ ಕಾಣುತ್ತಿತ್ತು. ಕುರುಗೋಡಿನ ಗುಡ್ಡ ಬೇಕಾದರೆ ಜರುಗೀತು, ಈ ಲಾರಿ ಜರುಗದು ಎಂದು ಖಾತ್ರಿ ಮಾಡಿಕೊಂಡು, ಅದರ ಹೊಟ್ಟೆಯ ಅಡಿ ಡಬ್ಬಿಯನ್ನು ಅಂಟಿಸಿ, ಅಂಕಿ ತೆಗೆದುಕೊಂಡು ಬಂದೆ.

ಕೆಲವು ದಿನ ಕಳೆದು ಖಾದರ ಆ ಜಾಗದಿಂದಲೇ ಫೋನು ಮಾಡಿದ.

"ಲೇ ಬಸ್ಯಾ, ನೀ ಕೊಟ್ಟ ನಂಬರಿನ ಮ್ಯಾಲ ನಿಂತೀನಿ. ಇಲ್ಲಿ ಒಂದು ಕೋಳಿ ಬಿಟ್ರ ಏನೂ ಇಲ್ಲಲೇ."

ಓಡಿಹೋಗಿ ನೋಡಿದೆ. ಜಾಲಿ ಕಡಿದಿತ್ತು. ನೆಲದ ಮೇಲೆ ಎಣ್ಣೆಯ ಕಲೆ, ಅದರ ನಡುವೆ ಮನೆ ಕಳೆದುಕೊಂಡ ಕೋಳಿ. ಪಕ್ಕದ ಹೊಲದವರು ವಿಷಯ ಹೇಳಿದರು. ಯಾರೋ ಬಂದು ಟೈರು, ಬ್ಯಾಟರಿ ಹಾಕಿ, ಇನ್ನೊಂದು ಲಾರಿಗೆ ಕಟ್ಟಿ ಎಳೆದು, ಸ್ಟಾರ್ಟ್ ಮಾಡಿ ಗಣಿಯ ಅದಿರು ಸಾಗಿಸಲು ಒಯ್ದಿದ್ದರು. ನನ್ನ ತಪ್ಪು ಅಲ್ಲಿಯೇ ತಿಳಿಯಿತು. ಬೇರೆ ಯಾವ ಊರಿನಲ್ಲಾದರೂ ಸತ್ತ ಲಾರಿ ಸತ್ತ ಲಾರಿಯೇ. ಆ ವರ್ಷಗಳಲ್ಲಿ ಬಳ್ಳಾರಿಯಲ್ಲಿ ಲಾರಿಗೆ ಸಾಯಲು ಪುರುಸೊತ್ತಿರಲಿಲ್ಲ. ಉರುಳುವ ಚಕ್ರವಿದ್ದದ್ದೆಲ್ಲ ಅದಿರಿಗೆ ಹೋಗುತ್ತಿತ್ತು. ಹುಟ್ಟಿ ಬೆಳೆದ ಊರಿನಲ್ಲಿ ನನಗೆ ಇದು ಹೊಳೆಯಬೇಕಿತ್ತು. ಜಾಗದ ಅಕ್ಷಾಂಶ-ರೇಖಾಂಶ ನನಗೆ ಬಾಯಿಪಾಠವಾಗಿತ್ತು. ಲಾರಿಯ ನಂಬರನ್ನು ನೋಡಿಯೇ ಇರಲಿಲ್ಲ!

ಮನೆಗೆ ಬಂದರೆ ಸುವರ್ಣಾ ಹಲಗೆಯ ಮೇಲಿನ ಜಾಡಿಗಳನ್ನೆಲ್ಲ ಕೆಳಗಿಳಿಸಿ ಕೂತಿದ್ದಳು. ಅತ್ತೆಯವರು ತೀರಿ ವರ್ಷವಾಗುತ್ತಾ ಬಂದಿತ್ತು. ಸಿರುಗುಪ್ಪದ ಆಚೆ, ರಾರಾವಿಯ ಅವಳ ತವರಿನಲ್ಲಿ ವರ್ಷದ ಎಡೆ ಇಡಬೇಕಿತ್ತು. ಅವರ ಕಡೆ ಎಡೆಯೆಂದರೆ ಅಡುಗೆಯಷ್ಟೇ ಅಲ್ಲ, ಹೋದವರು ಆಸೆಪಟ್ಟು ಬಳಸಿದ ವಸ್ತುಗಳೂ ಫೋಟೋದ ಮುಂದಿರಬೇಕು. ನಾನು ಮುಚ್ಚಿಡದೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ.

"ಮಾತು ನಿಂತ ಮ್ಯಾಲೂ ಅವ್ವ ಅದನ್ನ ಕೈಯಾಗ ಹಿಡ್ಕೊಂಡಿದ್ಲ್ರಿ" ಎಂದಳು. "ಎಡಿ ಮುಂದ ಅದು ಇಲ್ಲಾಂದ್ರ, ಅಕಿ ಬಂದು ಎಲ್ಲಿ ಹುಡುಕ್ಬೇಕು?"

ನನ್ನ ಆಟಕ್ಕೆ ಸಿಕ್ಕದ್ದು ಡಬ್ಬಿಯಲ್ಲ, ಅವಳ ತಾಯಿಯ ಕೈ ಎಂದು ಅನ್ನಿಸಿ ನಾಚಿಕೆಯಾಯಿತು. ಎಡೆಯ ದಿನದೊಳಗೆ ಡಬ್ಬಿ ತಂದುಕೊಡುತ್ತೇನೆಂದು ಮಾತು ಕೊಟ್ಟೆ. ಮಾತು ಕೊಡುವುದರಲ್ಲಿ ನಾನು ಮೊದಲಿನಿಂದಲೂ ಗಟ್ಟಿಗ.

ಮರುದಿನ ಖಾದರನೂ ನಾನೂ ಹೊಸಪೇಟೆ ರಸ್ತೆಯ ಚಹಾ ಅಂಗಡಿಯೊಂದರ ಮುಂದೆ ಠಿಕಾಣಿ ಹೂಡಿದೆವು. ಅದಿರಿನ ಲಾರಿಗಳೆಲ್ಲ ಆ ದಾರಿಯಲ್ಲೇ ಬರಬೇಕು. ಬಂದವು, ಒಂದರ ಬಾಲ ಒಂದು ಹಿಡಿದು ಬಂದವು. ಎಲ್ಲವೂ ಕೆಂಪು. ಗಿಳಿ, ನವಿಲು, ಕಮಲ ಏನಿದ್ದರೂ ಧೂಳಿನಡಿ ಒಂದೇ ಬಣ್ಣ. ನಿಂತ ಲಾರಿಗಳ ಹಿಂಬದಿಯನ್ನು ಖಾದರ ಒದ್ದೆ ಬಟ್ಟೆಯಿಂದ ಒರೆಸಿ ನೋಡುವುದು, ನಾನು ಬಗ್ಗಿ ಅಡಿಯಲ್ಲಿ ತಡವುವುದು ಎಂದು ಕೆಲಸ ಹಂಚಿಕೊಂಡೆವು. ನನ್ನ ಕೈಯಲ್ಲಿ ಯಂತ್ರ ಬೇರೆ ಇತ್ತು. ಅದರಿಂದ ಏನೂ ಉಪಯೋಗವಿರಲಿಲ್ಲ, ಆದರೂ ಹಿಡಿದುಕೊಂಡಿದ್ದೆ.

ಯಂತ್ರ ಹಿಡಿದು ಲಾರಿಯ ಕೆಳಗೆ ಬಗ್ಗುವ ಮನುಷ್ಯ ಆ ಕಾಲದಲ್ಲಿ ಯಾರಾಗಿರಬಹುದು? ಹೆಚ್ಚು ಭಾರ ಹೇರಿದವರನ್ನು ಹಿಡಿಯಲು ಬಂದ ಅಧಿಕಾರಿ. ಸ್ವಲ್ಪ ಹೊತ್ತಿನಲ್ಲಿ ದೂರದ ಲಾರಿಗಳು ಅಲ್ಲಲ್ಲೇ ನಿಂತವು. ಕೆಲವು ತಿರುಗಿಸಲು ಹೋಗಿ ರಸ್ತೆಗೆ ಅಡ್ಡಲಾಗಿ ಸಿಕ್ಕಿಕೊಂಡವು. ಬಸ್ಸುಗಳೂ ನಿಂತವು. ನಮಗೆ ಬೇವಿನ ಮರದ ಕೆಳಗೆ ಕುರ್ಚಿ ಬಂತು, ಸೋಡಾ ಬಂತು, ಬಿಸಿ ಮಿರ್ಚಿ ಬಂತು. ಖಾದರ ಎಲ್ಲವನ್ನೂ ಗಂಭೀರವಾಗಿ ತಿಂದ. ಬಿಳಿ ಅಂಗಿಯ ಲಾರಿ ಮಾಲೀಕರೊಬ್ಬರು ಕೈ ಕಟ್ಟಿಕೊಂಡು ಬಂದು, ಯಾವ ಆಫೀಸಿನಿಂದ ಬಂದದ್ದೆಂದು ಕೇಳಿದರು.

"ಯಾವ ಆಫೀಸೂ ಅಲ್ರಿ" ಎಂದೆ. "ನಮ್ಮತ್ತಿ ಸುಣ್ಣದ ಡಬ್ಬಿ ಹುಡುಕಾಕ ಬಂದೀನಿ."

ಅವರ ಮುಖ ಇನ್ನಷ್ಟು ಇಳಿಯಿತು. ಇಷ್ಟು ನೆಟ್ಟಗೆ ಸುಳ್ಳು ಹೇಳಬೇಕಾದರೆ ಬಹಳ ಮೇಲಿನಿಂದ ಬಂದವರೇ ಇರಬೇಕು ಎಂದು ಪಕ್ಕದವರಿಗೆ ತೆಲುಗಿನಲ್ಲಿ ಹೇಳಿದರು. ತೆಲುಗು ನಮಗೂ ಬರುತ್ತದೆ. ನಿಜವಾದ ಅಧಿಕಾರಿಗಳ ಜೀಪು ಬರುತ್ತಿದೆ ಎಂದು ಯಾರೋ ಕೂಗಿದಾಗ ಎಲ್ಲರಿಗಿಂತ ಮೊದಲು ಓಡಿದವರು ನಾವೇ. ಡಬ್ಬಿ ಸಿಗಲಿಲ್ಲ.

ಎಡೆಯ ದಿನ ಬಂದೇಬಿಟ್ಟಿತು. ಬೆಳಗಿನ ಬಸ್ಸಿನಲ್ಲಿ ಸುವರ್ಣಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮಡಿಲಲ್ಲಿ ಎಲೆ, ಅಡಿಕೆ, ತಂಬಾಕಿನ ಪೊಟ್ಟಣ. ಸುಣ್ಣ ಮಾತ್ರ ಇರಲಿಲ್ಲ. ನಾನು ಯಂತ್ರ ಹಿಡಿದು, ಬಸ್ಸು ಎಷ್ಟು ವೇಗದಲ್ಲಿ ಹೋಗುತ್ತಿದೆ ಎಂದು ನೋಡುತ್ತಾ ಕೂತಿದ್ದೆ. ಸಿರುಗುಪ್ಪದ ಅಕ್ಕಿ ಗಿರಣಿಗಳ ಹತ್ತಿರ ಬಸ್ಸು ನಿಧಾನವಾದಾಗ ಅವಳು ನನ್ನ ಮೊಣಕೈ ಹಿಡಿದಳು.

"ಗಿಳಿ ನೋಡ್ರಿ."

ಗಿರಣಿಯ ಮುಂದೆ ಭತ್ತದ ಹೊಟ್ಟು ಹೇರಿಕೊಂಡು ಲಾರಿ ನಿಂತಿತ್ತು. ತೊಳೆದ ಹಲಗೆಯ ಮೇಲೆ ಹಸಿರು ಗಿಳಿ ನಮ್ಮನ್ನೇ ನೋಡುತ್ತಿತ್ತು. ಬಸ್ಸು ನಿಲ್ಲಿಸಿ ಇಳಿದೆವು. ನಾನು ಒಗೆದ ಬಿಳಿ ಪಂಚೆಯಲ್ಲಿಯೇ ಲಾರಿಯ ಅಡಿಗೆ ನುಗ್ಗಿ ತಡವಿದೆ. ಅಯಸ್ಕಾಂತ ಸಿಕ್ಕಿತು. ಅದಕ್ಕೆ ಯಾರೋ ನಾಲ್ಕಾರು ನಟ್ಟುಗಳನ್ನು ಅಂಟಿಸಿಟ್ಟಿದ್ದರು. ಡಬ್ಬಿ ಇರಲಿಲ್ಲ. ಎಣ್ಣೆ ಮೆತ್ತಿಕೊಂಡು ಹೊರಗೆ ಬರುವಷ್ಟರಲ್ಲಿ ಸುವರ್ಣಾ ಕ್ಯಾಬಿನ್ನಿನ ಬಾಗಿಲಲ್ಲಿ ಕೂತಿದ್ದ ಡ್ರೈವರನ ಮುಂದೆ ನಿಂತಿದ್ದಳು. ಅವನು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಕೈಯಲ್ಲಿ ಅದೇ ಹಿತ್ತಾಳೆ ಡಬ್ಬಿ.

ಅವನ ಹೆಸರು ಹೊನ್ನೂರಪ್ಪ. ಅದಿರು ಹೇರಿದರೆ ಲಾರಿ ಪ್ರತಿ ಏರಿನಲ್ಲೂ ನಿಂತುಬಿಡುತ್ತಿದ್ದುದರಿಂದ ಹೊಟ್ಟು ಸಾಗಿಸಲು ಇಲ್ಲಿಗೆ ತಂದಿದ್ದನಂತೆ. ಅಡಿಯಲ್ಲಿ ಮಲಗಿ ರಿಪೇರಿ ಮಾಡುವಾಗ ಡಬ್ಬಿ ಸಿಕ್ಕಿತ್ತು. ಸುವರ್ಣಾ ಅದು ಯಾರದ್ದೆಂದು, ಇಂದು ಯಾವ ದಿನವೆಂದು ಹೇಳಿದಳು. ಅವನು ಬಾಯಲ್ಲಿದ್ದ ಎಲೆಯನ್ನು ಉಗಿದು ಬಂದು, ಪಂಚೆಯ ಅಂಚಿನಿಂದ ಡಬ್ಬಿ ಒರೆಸಿ, ಎರಡೂ ಕೈಯಲ್ಲಿ ಕೊಟ್ಟ.

"ಚೀಟ್ಯಾಗ ಹೆಸರು ಬರೀರಿ, ಇದ್ದಲ್ಲೇ ಇಡ್ರಿ ಅಂತ ಬರದಿತ್ತಮ್ಮಾ" ಎಂದ. "ಬರದೀನಿ. ಲಾರಿ ಬಿಟ್ಟು ಹೊರಗ ಒಯ್ದಿಲ್ಲ."

ಎಲ್ಲ ನಿಯಮಗಳನ್ನೂ ಆ ಮನುಷ್ಯ ಪಾಲಿಸಿದ್ದ. ಸುವರ್ಣಾ ಮುಚ್ಚಳ ತೆಗೆದಳು. ಒಳಗೆ ಹಸಿ ಸುಣ್ಣ, ಬೆಣ್ಣೆಯ ಹಾಗೆ. ಬೆರಳ ತುದಿಯಲ್ಲಿ ಮುಟ್ಟಿ ನೋಡಿದಳು.

"ಅವ್ವ ಇದ್ದಾಗ ಹಿಂಗ ಹಸಿ ಇರ್ತಿತ್ರಿ" ಎಂದು ಹೇಳಿ, ಗಿರಣಿಯ ಮುಂದೆ, ಹಮಾಲರೆಲ್ಲ ನೋಡುತ್ತಿರುವಾಗ ಅತ್ತುಬಿಟ್ಟಳು. ಖಾಲಿ ಡಬ್ಬಿ ಎಂದು ನಾನು ಒಯ್ದದ್ದು ತುಂಬಿಕೊಂಡು ಬಂದಿತ್ತು, ಅದರಲ್ಲಿ ನನ್ನ ಕೈವಾಡ ಎಳ್ಳಷ್ಟೂ ಇರಲಿಲ್ಲ.

ಅವಳು ಬಜಾರಿನಲ್ಲಿ ಹೊಸ ಸುಣ್ಣದ ಡಬ್ಬಿ ಕೊಂಡು ಹೊನ್ನೂರಪ್ಪನಿಗೆ ಕೊಟ್ಟಳು. ತೆಗೆದುಕೊಂಡಿದ್ದಕ್ಕೆ ಬದಲು ಇಡಬೇಕೆಂಬ ನಿಯಮವನ್ನು ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಬಸ್ಸು ಹೋಗಿಬಿಟ್ಟಿತ್ತು. ಅವನೇ ನಮ್ಮನ್ನು ರಾರಾವಿಗೆ ಕರೆದೊಯ್ದ. ಅವಳಿಗೆ ಕ್ಯಾಬಿನ್ನಿನಲ್ಲಿ ಜಾಗ ಸಿಕ್ಕಿತು, ನನಗೆ ಹೊಟ್ಟಿನ ಮೇಲೆ. ಅತ್ತೆಯವರ ಫೋಟೋದ ಮುಂದೆ ಎಲೆ, ಅಡಿಕೆ, ತಂಬಾಕಿನ ಜೊತೆ ಡಬ್ಬಿ ಕೂತಿತು. ಹೊನ್ನೂರಪ್ಪನನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ ಹೋಳಿಗೆ ಬಡಿಸಿದರು. ಮೈತುಂಬ ಎಣ್ಣೆ, ತಲೆತುಂಬ ಹೊಟ್ಟು ಇದ್ದ ನನ್ನನ್ನು ಅವನ ಕ್ಲೀನರ್ ಎಂದುಕೊಂಡ ಹಿರಿಯರೊಬ್ಬರು ಹೊರಗಿನ ಜಗಲಿಯಲ್ಲಿ ಎಲೆ ಹಾಕಿಸಿದರು. ನಾನು ಅಲ್ಲೇ ಕೂತು ಉಂಡೆ.

ಖಾದರ ವಿಷಯ ಕೇಳಿ ತೀರ್ಪು ಕೊಟ್ಟ. ಮೊದಲು ಹುಡುಕಿದ ಗೌರವ ಹೊನ್ನೂರಪ್ಪನದು, ಎರಡನೆಯದು ಸುವರ್ಣಾಳದು. ಬಚ್ಚಿಟ್ಟವನಿಗೆ ಈ ವಿದ್ಯೆಯಲ್ಲಿ ಯಾವ ಸ್ಥಾನವೂ ಇಲ್ಲವಂತೆ.

ಊರಿಗೆ ಮರಳಿದ ಮರುದಿನ ನೋಡಿದರೆ ಯಂತ್ರ ಕಾಣಲಿಲ್ಲ. ಸುವರ್ಣಾಳನ್ನು ಕೇಳಿದೆ.

"ಮನ್ಯಾಗ ಐತ್ರಿ" ಎಂದಳು. "ಹುಡುಕ್ರಿ. ಜಿಲ್ಲಾಕ್ಕ ಮೊದಲ್ನೇರಲ್ಲ ನೀವು?"

ಕಲ್ಲಿನ ಬಗೆ, ಬೋಲ್ಟಿನ ಬಗೆ, ಅಯಸ್ಕಾಂತದ ಬಗೆ, ಎಲ್ಲ ಬಗೆಯಲ್ಲೂ ಹುಡುಕಿದೆ. ಅಕ್ಕಿ ಡಬ್ಬದಲ್ಲಿ ಕೈ ಹಾಕಿದೆ, ಮಂಚದ ಅಡಿ ತಡವಿದೆ. ಉಪ್ಪಿನಕಾಯಿ ಜಾಡಿಯ ಹಿಂದೆ ನೋಡಲು ಮಾತ್ರ ನನಗೆ ಅಪ್ಪಣೆಯಿಲ್ಲ. ಅಲ್ಲಿ ಡಬ್ಬಿ ಇದೆ, ಅದರೊಳಗೆ ವಾರಕ್ಕೊಮ್ಮೆ ಅವಳು ಹೊಸ ಸುಣ್ಣ ಕಲಸಿ ಹಾಕುತ್ತಾಳೆ. ಯಂತ್ರ ಇಂದಿಗೂ ಸಿಕ್ಕಿಲ್ಲ. ಭೂಮಂಡಲದ ಮೇಲೆ ನಾನು ಎಲ್ಲಿದ್ದೇನೆಂದು ತಿಳಿಯಬೇಕಾದಾಗ ಹೆಂಡತಿಯನ್ನೇ ಕೇಳುತ್ತೇನೆ. ಪಾರ್ವತಿನಗರದಾಗ ಅದೀರಿ ಎನ್ನುತ್ತಾಳೆ.