ವಾಲ್ವ್ ಸಡಿಲಾದ ಸಣ್ಣಸ್ವಾಮಿ

ಅವತ್ತು ಬೆಳಿಗ್ಗೆ ಸಣ್ಣಸ್ವಾಮಿ ಎಂಟು ಕಡುಬು ತಿಂದ. ಅದು ತಪ್ಪಲ್ಲ ಬಿಡಿ. ಜಗಲಿಗೆ ಬಂದು ಎದೆ ನೀವಿಕೊಂಡು "ಅಯ್ಯಪ್ಪಾ" ಅಂದನಲ್ಲ, ಅದೇ ತಪ್ಪು. ಪಕ್ಕದ ಮನೆಯ ನಿಂಗಮ್ಮ ನೋಡಿಬಿಟ್ಟಳು. ಟಿವಿಯ ಆಸ್ಪತ್ರೆ ಧಾರಾವಾಹಿಯನ್ನು ಒಂದು ದಿನವೂ ಬಿಡದೆ ನೋಡಿ ಅರ್ಧ ಡಾಕ್ಟರಾದ ಹೆಂಗಸು ಅವಳು.

"ರುದ್ರೀ, ಓಡ್ಬಾರೇ! ನಿನ್ ಗಂಡಂಗೆ ಹಾರ್ಟಿನ ವಾಲ್ವ್ ಸಡಿಲಾಗೈತೆ! ಸೀರಿಯಲ್ಲಲ್ಲಿ ಮೇಷ್ಟ್ರೂ ಹಿಂಗೇ ನೀವ್ಕೊಂಡಿದ್ದು. ಮಗಳ ಮದ್ವೆ ಗೊತ್ತಾಯ್ತು ಅಂದ್ರು ನೋಡು, ಬಿದ್ದೋರು ಇನ್ನೂ ಎದ್ದಿಲ್ಲ. ಈ ಕಾಯ್ಲೆಗೆ ಖುಷಿನೇ ಆಗ್ಬಾರ್ದಂತೆ!"

ಸಣ್ಣಸ್ವಾಮಿಗೆ ನಗು ಬಂತು. "ನಗ್ಬೇಡ್ರೀ!" ಎಂದು ಹೆಂಡತಿ ರುದ್ರಮ್ಮ ಗೊಳೋ ಎಂದು ಅತ್ತಳು.

ಅವನ ಚಿಂತೆಯೇ ಬೇರೆ. ಸಂಜೆ ನಾಲ್ಕಕ್ಕೆ ಹಾಲಿನ ಡೇರಿ ಹತ್ತಿರ ಗೊಬ್ಬರದಂಗಡಿಯವರ ಲಕ್ಕಿ ಡ್ರಾ. ಬಹುಮಾನ, ಬೆಳೆಗೆ ಔಷಧಿ ಹೊಡೆಯುವ ಬ್ಯಾಟರಿ ಪಂಪು. ಹಳೆಯ ಕೈಪಂಪು ಒತ್ತಿ ಒತ್ತಿ ಅವನ ಭುಜ ಬಿದ್ದುಹೋಗಿತ್ತು. ಹೊಸ ಪಂಪು ಕನಸಿನಲ್ಲೂ ಬರುತ್ತಿತ್ತು. ಆದರೆ ಹೆಸರು ಮೂರು ಸಲ ಕೂಗುವಷ್ಟರಲ್ಲಿ ಆಸಾಮಿ ಎದುರಿಗಿರಬೇಕು. ಇಲ್ಲದಿದ್ದರೆ ಇನ್ನೊಂದು ಚೀಟಿ ಎತ್ತುತ್ತಾರೆ.

"ಕುಶಾಲನಗರಕ್ಕೋಗಿ ಡಾಕ್ಟ್ರಿಗೆ ತೋರಿಸ್ಕೊಂಡು ಹಂಗೇ ಡೇರಿಗೆ ಬತ್ತೀನಿ," ಎಂದ.

"ಈ ಗುಂಡಿ ರಸ್ತೇಲಾ? ಬಸ್ಸು ಕುಲುಕಿದ್ರೆ ವಾಲ್ವ್ ಬಿಚ್ಕೊಂಡೇ ಬತ್ತದೆ! ನಮ್ ಬೋರಿನ್ ವಾಲ್ವ್ ಹೋದಾಗ ಏನಾಯ್ತು, ನೋಡ್ಲಿಲ್ವಾ?" ಎಂದಳು ನಿಂಗಮ್ಮ.

ರುದ್ರಮ್ಮ ಅವನ ಪಂಚೆ, ಷರ್ಟುಗಳನ್ನೆಲ್ಲ ಬಕೆಟ್ಟಿನಲ್ಲಿ ನೆನೆಹಾಕಿದಳು. ಟವೆಲ್ಲು ಸುತ್ತಿಕೊಂಡು ಕೂತವನ ಮುಂದೆ ಉಪ್ಪಿಲ್ಲದ ಗಂಜಿ ಬಂತು. ವಿಚಾರಿಸಲು ಬಂದವರೆಲ್ಲ ನಿಂಗಮ್ಮನ ಅಪ್ಪಣೆಯಂತೆ ಮುಖ ಗಂಟು ಹಾಕಿಕೊಂಡು, ಶುಂಠಿಗೆ ಬಂದ ಕೊಳೆರೋಗದ ಮಾತು ಮಾತ್ರ ಆಡಿ ಹೋದರು.

ಐದು ಗಂಟೆಗೆ ನಿಂಗಮ್ಮನ ಗಂಡ ನಾಗರಾಜು ಡೇರಿ ಕಡೆಯಿಂದ ಬಂದ.

"ಪಂಪು ಯಾರಿಗ್ಲಾ ಬಂತು?"

"ಯಾರಿಗೋ ಬಂತು ಬಿಡಣ್ಣ," ಎಂದು ನಾಗರಾಜು ನೆಲ ನೋಡಿದ.

ಸಣ್ಣಸ್ವಾಮಿಗೆ ಸಮಾಧಾನವೇ ಆಯಿತು. ಹೋಗಿದ್ದರೂ ಸಿಗುತ್ತಿರಲಿಲ್ಲವಲ್ಲ! ಉಳಿದ ಗಂಜಿಯನ್ನು ನೆಮ್ಮದಿಯಿಂದ ಕುಡಿದ.

ಏಳಕ್ಕೆ ಎಲ್ಲರೂ ಟಿವಿ ಮುಂದೆ ಕೂತರು. ಧಾರಾವಾಹಿಯ ಮೇಷ್ಟ್ರು ಕಣ್ಣು ಬಿಟ್ಟರು. ರಿಪೋರ್ಟು ಅದಲುಬದಲಾಗಿತ್ತಂತೆ, ಮೇಷ್ಟ್ರಿಗೆ ಬರೀ ಗ್ಯಾಸು ಎಂದರು ಡಾಕ್ಟರು.

"ಹಂಗಾರೆ ನಿಮ್ಗೂ ಗ್ಯಾಸೇ ಕಣಣ್ಣ!" ಎಂದು ನಿಂಗಮ್ಮ ಹಿಗ್ಗಿದಳು. "ರೀ, ಇನ್ ಹೇಳ್ಬೋದು, ಹೇಳ್ರೀ."

ನಾಗರಾಜು ಬಾಯಿಬಿಟ್ಟ. "ಮೊದ್ಲು ಎತ್ತಿದ್ ಚೀಟಿ ನಿಂದೇ ಕಣಣ್ಣ. ಮೂರು ಸಲ ಕೂಗುದ್ರು. ಓಡ್ಬಂದು ಹೇಳಾನ ಅಂದ್ರೆ, ಖುಷಿಗೆ ನಿನ್ ಪ್ರಾಣ ಹೋದ್ರೆ ಏನ್ ಗತಿ? ಬಾಯಿ ಮುಚ್ಕೊಂಡು ನಿಂತಿದ್ದೆ. ಆಮೇಲೆ ಎತ್ತಿದ್ದು ನಂದು."

ಸಣ್ಣಸ್ವಾಮಿ ಧಡಕ್ಕನೆ ಎದ್ದು ನಿಂತ.

"ಬೇಜಾರಾಗ್ಬ್ಯಾಡ. ನಂಗೆ ಆ ಪಂಪು ಹೊಡೆಯಕ್ ಬರಲ್ಲ. ನಾಳೆ ನೀನೇ ಬೆನ್ನಿಗೆ ಹಾಕ್ಕೊಂಡು ನಮ್ ಶುಂಠಿಗೆ ಔಷಧಿ ಹೊಡ್ಕೊಟ್ಬುಡು."

ಸಣ್ಣಸ್ವಾಮಿ ಟವೆಲ್ಲು ಬಿಗಿಮಾಡಿಕೊಂಡು ಕೇಳಿದ:

"ಎಷ್ಟೊತ್ತಿಗ್ ಬರ್ಲಿ?"