ಬೀಗದಣ್ಣನ ಆರಂಕಿಯ ಗುಟ್ಟು

ಎಲ್ಲ ಶುರುವಾದದ್ದು ಕ್ಷೌರದಂಗಡಿಯವನ ಒಂದು ಕಣ್ಣೋಟದಿಂದ. ಬೆಳಿಗ್ಗೆ ಕನ್ನಡಿ ಒರೆಸುತ್ತಿದ್ದವನು ಪಕ್ಕದಂಗಡಿಯ ಬೀಗದಣ್ಣನ ಮೊಬೈಲಿನತ್ತ ಸುಮ್ಮನೆ ಕಣ್ಣು ಹಾಯಿಸಿದ. ಅಷ್ಟು ಹೊತ್ತಿನಲ್ಲಿ ನೊಣ ಕೂಡ ಒಂದು ಸಲ ರೆಕ್ಕೆ ಬಡಿದು ಮುಗಿಸಲಾರದು. ಬೀಗದಣ್ಣನಿಗೆ ಅಷ್ಟೇ ಸಾಕಾಯಿತು.

ಭೂಮಂಡಲದಲ್ಲಿ ಅವನಷ್ಟು ಅನುಮಾನದ ಪ್ರಾಣಿ ಇನ್ನೊಂದಿಲ್ಲ. ಇದು ಉತ್ಪ್ರೇಕ್ಷೆಯಲ್ಲ, ನಿಮಗೆ ದಿಗಿಲಾಗಬಾರದೆಂದು ಅರ್ಧಕ್ಕರ್ಧ ಇಳಿಸಿಯೇ ಹೇಳುತ್ತಿದ್ದೇನೆ. ಇಪ್ಪತ್ತು ವರ್ಷ ಬೀಗ ರಿಪೇರಿ ಮಾಡಿ, ಎಂಥ ಬೀಗವೂ ತೆರೆಯುತ್ತದೆಂದು ಕಂಡುಕೊಂಡವನು ಅವನು. ಎದುರಿನ ಚಹಾದಂಗಡಿಯ ಪುಕ್ಕಟೆ ವೈಫೈ ತನ್ನ ಫೋನಿಗೆ ಗಾಳಿಯಲ್ಲಿ ತಗುಲೀತೆಂದು ಅದನ್ನು ತಗಡಿನ ಡಬ್ಬಿಯಲ್ಲಿಟ್ಟು, ಡಬ್ಬಿಗೊಂದು ಬೀಗ ಹಾಕಿ, ಆ ಬೀಗದ ಕೀಲಿಯನ್ನು ಕಾಲುಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದ. ಫೋನಿನ ಪಾಸ್‌ವರ್ಡನ್ನಂತೂ ಅಂಗಿ ಬದಲಿಸಿದ ಹಾಗೆ ದಿನಾ ಬದಲಿಸುತ್ತಿದ್ದ.

ಆ ಬೆಳಿಗ್ಗೆಯೂ ಗೋಡೆಗೆ ಮುಖ ಮಾಡಿ ಹೊಸ ಆರಂಕಿ ಒತ್ತಿ ನಿಟ್ಟುಸಿರು ಬಿಟ್ಟ. ಅಷ್ಟರಲ್ಲಿ ಒಬ್ಬ ಹೆಂಗಸು ಬೀರುವಿನ ಕೀಲಿ ಹಿಡಿದುಕೊಂಡು ಬಂದಳು, ಇಂಥದೇ ಇನ್ನೊಂದು ಬೇಕಂತೆ. ಬೀಗದಣ್ಣ ಅರ ಕೈಗೆತ್ತಿಕೊಂಡ. ಕೀಲಿಯ ಒಂದೊಂದು ಹಲ್ಲೂ ಎಷ್ಟು ಆಳವೆಂದು ಬಾಯಿಬಿಟ್ಟು ಹೇಳಿಕೊಳ್ಳದಿದ್ದರೆ ಅವನ ಕೈ ಓಡುವುದಿಲ್ಲ. “ಎರಡು, ಐದು, ನಾಲ್ಕು, ಐದು...” ಎನ್ನುತ್ತ ಉಜ್ಜಿದ. ಕೀಲಿ ಅಚ್ಚುಕಟ್ಟಾಗಿ ಬಂತು. ಹೆಂಗಸು ಹೋದ ಮೇಲೆ ಫೋನು ಕೈಗೆತ್ತಿಕೊಂಡರೆ ತಲೆಯಲ್ಲಿ ಬೀರುವಿನ ಲೆಕ್ಕ ಮಾತ್ರ ಇತ್ತು, ಪಾಸ್‌ವರ್ಡ್ ಮಂಗಮಾಯ!

ಬೇರೆ ದಿನವಾಗಿದ್ದರೆ ನಡೆಯುತ್ತಿತ್ತು. ಆದರೆ ಅವತ್ತು ಸಂಜೆ ಐದಕ್ಕೆ ಹೊಸ ಆಸ್ಪತ್ರೆಯ ಮ್ಯಾನೇಜರು ಅವನ ಫೋನಿಗೆ ಒಂದು ಗುಟ್ಟಿನ ಸಂಖ್ಯೆ ಕಳಿಸಿ, ಕರೆ ಮಾಡುವವರಿದ್ದರು. ಕರೆ ಬಂದಾಗ ಆ ಸಂಖ್ಯೆಯನ್ನು ಫೋನಿನಲ್ಲಿ ಸರಿಯಾಗಿ ಒತ್ತಿದರೆ ಆಸ್ಪತ್ರೆಯ ಬಾಗಿಲುಗಳಿಗೆಲ್ಲ ಬೀಗ ಹಾಕುವ ಕೆಲಸ ಇವನದು. ಇಲ್ಲದಿದ್ದರೆ ಕೆಳಬೀದಿಯ ಕುಳ್ಳ ಬೀಗದವನದು. ಕುಳ್ಳನ ಹೆಸರೆತ್ತಿದರೆ ಬೀಗದಣ್ಣನಿಗೆ ಊಟ ಸೇರುತ್ತಿರಲಿಲ್ಲ. ಬೀಗ ಬಿದ್ದ ಪರದೆಯ ಮೇಲೆ ಮೆಸೇಜು ಕಾಣದಂತೆ ಬಂದೋಬಸ್ತು ಮಾಡಿದ್ದವನೂ ಇವನೇ.

ತೋಚಿದ ಅಂಕಿಗಳನ್ನೆಲ್ಲ ಒತ್ತಿದ. ಫೋನು ಮುನಿಸಿಕೊಂಡ ಅತ್ತೆಯಂತೆ, ಅರ್ಧ ಗಂಟೆ ನನ್ನನ್ನು ಮುಟ್ಟಬೇಡ ಎಂದಿತು.

ಕ್ಷೌರದಂಗಡಿಯವನು ಬಾಗಿಲಲ್ಲಿ ಇಣುಕಿದ. “ಬೀಗದಣ್ಣಾ, ಯಾಕೋ ಬೆವರ್ತಾ ಇದ್ದೀಯ. ನಾನೊಂದು ಮಾತು ಹೇಳ್ಲಾ?”

“ಬೇಡ! ನನಗೇನೂ ಆಗಿಲ್ಲ. ನೀನ್ಯಾಕೆ ಪದೇಪದೇ ಇಣುಕ್ತೀಯ?”

“ಅಯ್ಯೋ, ಹೋಗ್ಲಿ ಬಿಡಪ್ಪ.”

ಮಧ್ಯಾಹ್ನ ಹೆಂಡತಿ ಬುತ್ತಿ ತಂದಳು. ಗಂಡ ಫೋನನ್ನು ಕಿವಿಗೆ ಹಚ್ಚಿ ಅಲ್ಲಾಡಿಸುತ್ತಿದ್ದುದನ್ನು ನೋಡಿ, “ರೀ, ತೆರೀತಾ ಇಲ್ವಾ? ನಾನು ಹೇಳ್ಲಾ?” ಎಂದಳು.

“ನೀನೇನು ಹೇಳೋದು? ನನ್ನ ಫೋನಿನ ವಿಷಯ ನಿನಗೆ ಯಾರು ಹೇಳಿದ್ರು? ಆ ಕತ್ತರಿಯವನಾ?”

“ಯಾರೂ ಹೇಳ್ಬೇಕಾಗಿಲ್ಲ ಬಿಡಿ, ಮುಖಾನೇ ಹೇಳ್ತಿದೆ. ಊಟ ಮಾಡಿ” ಎಂದು ಬುತ್ತಿಯನ್ನು ಕುಕ್ಕಿ ಹೋದಳು.

ಬೀಗದಣ್ಣ ಬುತ್ತಿ ಮುಟ್ಟದೆ ಲೆಕ್ಕ ಹಾಕಿದ. ಹೆಂಡತಿಗೂ ಗೊತ್ತು, ಕತ್ತರಿಯವನಿಗೂ ಗೊತ್ತು. ಹಾಗಾದರೆ ಕುಳ್ಳನಿಗೂ ಗೊತ್ತಿರಬೇಕು!

ಅಂಗಿಯೊಳಗೆ ಫೋನು ಬಚ್ಚಿಟ್ಟುಕೊಂಡು, ಬಾಲವಿಲ್ಲದ ಕಳ್ಳಬೆಕ್ಕಿನಂತೆ ಗೋಡೆ ಸವರುತ್ತ ಮೊಬೈಲ್ ರಿಪೇರಿಯವನ ಬಳಿ ಹೋದ. ರಿಪೇರಿಯವನು ನೋಡಿ ಹುಬ್ಬೇರಿಸಿದ. “ಇನ್ನೊಂದೇ ಒಂದು ಸಲ ತಪ್ಪು ಒತ್ತಿದ್ರೆ ಒಳಗಿರೋದೆಲ್ಲ ಅಳಿಸಿಹೋಗತ್ತೆ ಅಂತ ಸೆಟ್ ಮಾಡಿದ್ದಾರೆ. ಯಾವ ಪುಣ್ಯಾತ್ಮ ಹೀಗೆ ಮಾಡಿದ್ದು?”

“ನಾನೇ.”

“ಸರಿ, ಫೋನ್ ಬಿಟ್ಟು ಹೋಗಿ. ನಾಳೆ ನೋಡೋಣ.”

“ಬಿಟ್ಟು ಹೋಗೋದಾ? ನಿನ್ನ ಹತ್ರಾನಾ?” ಬೀಗದಣ್ಣ ಫೋನು ಕಿತ್ತುಕೊಂಡು ಓಡಿದ. ಆ ಓಟವನ್ನು ಗಾಳಿ ನೋಡಿದ್ದರೆ ನಾಚಿ ನಿಂತುಬಿಡುತ್ತಿತ್ತು.

ಐದಾಗಲು ಸ್ವಲ್ಪವೇ ಇತ್ತು. ಟಿಣ್ ಎಂದು ಮೆಸೇಜು ಬಂದಿತು. ಬೀಗದಣ್ಣ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತ. “ಮರ್ತೋಯ್ತು ಕಣ್ರೋ! ಪಾಸ್‌ವರ್ಡ್ ಮರ್ತೋಯ್ತು!”

ಕ್ಷೌರದಂಗಡಿಯವನು ಗಿರಾಕಿಯ ಗಡ್ಡ ಅರ್ಧಕ್ಕೆ ಬಿಟ್ಟು ಬಂದ. “ಅಷ್ಟೇ ತಾನೆ? ಎಂಟು, ಸೊನ್ನೆ, ಮೂರು, ಮೂರು, ಏಳು, ನಾಲ್ಕು.”

“ಕೊನೇದು ನಾಲ್ಕಲ್ಲ, ಒಂದು” ಎಂದಳು ಚಹಾದಂಗಡಿಯ ಅಕ್ಕ, ಸೋಸುವ ಬಟ್ಟೆ ಹಿಡಿದುಕೊಂಡೇ. “ನಾಲ್ಕು ಮೊನ್ನೇದು.”

“ಅಕ್ಕ ಹೇಳಿದ್ದೇ ಸರಿ” ಎಂದಳು ಬುತ್ತಿಡಬ್ಬಿ ಒಯ್ಯಲು ಬಂದಿದ್ದ ಹೆಂಡತಿ. “ಬೆಳಿಗ್ಗೆ ಮನೆ ತನಕ ಕೇಳಿಸ್ತು.” ಸೋಪು ಬಳಿದ ಗಿರಾಕಿಯೂ ತಲೆಯಾಡಿಸಿದ.

ಬೀಗದಣ್ಣ ಕಣ್ಣು ಮುಚ್ಚಿ ಒತ್ತಿದ. ಫೋನು ತೆರೆಯಿತು! ಮ್ಯಾನೇಜರ ಗುಟ್ಟಿನ ಸಂಖ್ಯೆ ಕಾಣಿಸಿತು, ಎಲ್ಲರ ತಲೆಗಳೂ ಪರದೆಯ ಮೇಲೆ ಬಾಗಿದವು.

“ನಿಮಗೆಲ್ಲ ಹೇಗೆ ಗೊತ್ತಾಯ್ತು? ಯಾರು ಕದ್ದು ನೋಡಿದ್ದು?”

“ಯಾಕಪ್ಪ ಕದ್ದು ನೋಡ್ಬೇಕು?” ಎಂದಳು ಅಕ್ಕ. “ಕೀಲಿ ಉಜ್ಜೋವಾಗ ಕೂಗ್ತೀಯಲ್ಲ, ಫೋನ್ ಒತ್ತೋವಾಗಲೂ ಹಾಗೇ ಕೂಗ್ತೀಯ. ವರ್ಷಗಟ್ಟಲೆ ಕೇಳ್ತಾ ಇದ್ದೀವಿ.”

ಅವನು ಬಾಯಿ ತೆರೆಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ಮ್ಯಾನೇಜರು! ನಂಬರು ಒತ್ತಲು ಅನುಕೂಲವಾಗಲೆಂದು ಸ್ಪೀಕರ್ ಹಾಕಿದ.

“ಸಂಖ್ಯೆ ಬಂತಲ್ಲ? ಬಾಯಲ್ಲಿ ಹೇಳಬೇಡಿ, ನನಗೂ ಹೇಳಬೇಡಿ. ಸುಮ್ಮನೆ ಒತ್ತಿ. ನಮಗೆ ಗುಟ್ಟು ಕಾಯೋರು ಬೇಕು” ಎಂದರು ಮ್ಯಾನೇಜರು.

ಬೀಗದಣ್ಣ ಒಂದು ದಪ್ಪ ಕೀಲಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. ನಾಲಿಗೆ ಕೀಲಿಯ ಹಿಂದೆ ಪಂಜರದ ಹುಲಿಯಂತೆ ಒದ್ದಾಡಿತು. ಆದರೂ ಒಂದೇ ಒಂದು ಸದ್ದು ಹೊರಬೀಳದೆ ಮೊದಲ ಅಂಕಿ ಒತ್ತಿದ, ಎರಡನೆಯದನ್ನೂ ಒತ್ತಿದ. ಮೂರನೆಯದಕ್ಕೆ ಬೆರಳು ಒಂದು ಗಳಿಗೆ ನಿಂತಿತು, ಅಷ್ಟೇ.

ಪಾಪ, ಮತ್ತೆ ಮರೆತನೆಂದು ಬೀದಿಯ ಕರುಳು ಚುರ್ ಎಂದಿತು. “ಆರು! ಒಂಬತ್ತು! ಎರಡು! ಐದು!” ಎಂದು ಕ್ಷೌರದಂಗಡಿ, ಚಹಾದಂಗಡಿ, ಹೆಂಡತಿ, ಅರ್ಧ ಗಡ್ಡ ಎಲ್ಲ ಒಕ್ಕೊರಲಿನಿಂದ ಕೂಗಿದರು.

ಅತ್ತಲಿಂದ ಮ್ಯಾನೇಜರು, “ಕೆಳಬೀದಿಯಲ್ಲಿ ಇನ್ನೊಬ್ಬರು ಬೀಗದವರಿದ್ದಾರಲ್ಲ, ಅವರು ಒಬ್ಬರೇ ಇರ್ತಾರಾ?” ಎಂದು ಕೇಳಿ ಫೋನು ಇಟ್ಟರು.

ಬೀಗದಣ್ಣ ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ಶಟರ್ ಎಳೆದುಕೊಂಡ. ಕೀಲಿ ಕಚ್ಚಿಕೊಂಡೇ, ಕಂಬಳಿ ಹೊದ್ದು ಹೊಸ ಪಾಸ್‌ವರ್ಡ್ ಹಾಕಿದ. ಹೊರಗೆ ಬೀದಿಯೆಲ್ಲ ಉಸಿರು ಬಿಗಿಹಿಡಿದು ಕಿವಿಗೊಟ್ಟಿತು. ಏನೂ ಕೇಳಿಸಲಿಲ್ಲ.

ಕ್ಷೌರದಂಗಡಿಯವನು ಶಟರ್ ತಟ್ಟಿದ. “ಬೀಗದಣ್ಣಾ, ಈ ಸಲದ್ದು ಕೇಳಿಸ್ಲಿಲ್ಲ. ಮರ್ತ್ರೆ ನಮ್ಮನ್ನ ಕೇಳ್ಬೇಡ ಮತ್ತೆ!”

ಒಳಗೆ ಫೋನು ತಪ್ಪು ಅಂಕಿಗೆ ಎರಡು ಸಲ ಗುರ್ ಎಂದಿತು. ಆಮೇಲೆ ಶಟರ್ ನಾಲ್ಕು ಬೆರಳಿನಷ್ಟು ಮೇಲೆದ್ದಿತು. ಸಂದಿಯಲ್ಲಿ ಬೀಗದಣ್ಣನ ಎರಡು ಕಣ್ಣು ಕಂಡವು.

“ನಿಜವಾಗ್ಲೂ... ಒಬ್ಬರಿಗೂ ಕೇಳಿಸ್ಲಿಲ್ವಾ?”