ಮನೆಬಾಗಿಲ ಹಲಗೆಯ ಮೇಲೆ ರಕ್ತದ ಮಟ್ಟ ಬರೆಯುವ ಕುರಿತು

ಸಂಖ್ಯೆ: ರಕ್ತ/ಅನುಪಾತ/ಏರಿಳಿತ/17/2008-09
ದಿನಾಂಕ: 11-08-2008

ಸುತ್ತೋಲೆ

ವಿಷಯ: ಗೋಕಾಕ, ಹುಕ್ಕೇರಿ ತಾಲೂಕು ಹಾಗೂ ಮೂಡಲಗಿ ಭಾಗದಲ್ಲಿ ರಕ್ತಕಣಗಳ ಅನುಪಾತವನ್ನು ಜಲಾಶಯದ ಮಟ್ಟವೆಂದು ಭಾವಿಸಿ ಸಂತೋಷಪಡುವುದನ್ನು ನಿರ್ಬಂಧಿಸುವ ಬಗ್ಗೆ.

ಉಲ್ಲೇಖ: 1) ಮಮದಾಪುರದ ಹದಿನಾಲ್ಕು ಮಂದಿ ರೈತರ ಅರ್ಜಿ.
2) ಪರಿಶೀಲನಾಧಿಕಾರಿ ಶಿದ್ಲಿಂಗಪ್ಪ ಅವರ ವರದಿ (ಪೆಢಾದ ಜಿಡ್ಡಿನಿಂದಾಗಿ ಎರಡನೇ ಪುಟ ಓದಲಾಗದು).

ಹಿಡಕಲ್ ಜಲಾಶಯದಲ್ಲಿ ಮೂವತ್ತೊಂದು ವರ್ಷ ನೀರಿನ ಮಟ್ಟ ಓದಿ, ಅದನ್ನೇ ಸಂಜೆ ಮಮದಾಪುರದ ತಮ್ಮ ಮನೆಬಾಗಿಲ ಹಲಗೆಯ ಮೇಲೂ ಬರೆದು ನಿವೃತ್ತರಾದ ಧರಣೇಂದ್ರ ಅವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಆಗಿ, ಚಿಕಿತ್ಸೆ ನಡೆದಿರುತ್ತದೆ. ಕೈ ಸುಮ್ಮನಿರದೆ ಅವರು ಪ್ರತಿ ತಪಾಸಣೆಯ ನಂತರ ರಕ್ತಕಣಗಳ ಅನುಪಾತವನ್ನು ಅದೇ ಹಲಗೆಯ ಮೇಲೆ ಬರೆದಿದ್ದಾರೆ: 2.1, 3.4, 5.2. ಅವರು ಬರೆದ ಅಂಕಿ ಏರಿದರೆ ಕಾಲುವೆಗೆ ನೀರು ಬರುತ್ತದೆಂದು ಖುಷಿಪಡುವುದು ಊರಿನ ರೂಢಿ. ಪತ್ನಿ ಜಿನ್ನವ್ವ ಓಣಿಗೆಲ್ಲ ಪೆಢಾ ಹಂಚಿದ್ದಾರೆ. ಆದಕಾರಣ ಕೆಳಕಂಡ ಅಂಶಗಳನ್ನು ಎಲ್ಲರ ಗಮನಕ್ಕೂ ಗಾಬರಿಗೂ ತರಲಾಗಿದೆ.

1. ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳ ಸಂಖ್ಯೆಯನ್ನು ಲಿಂಫೋಸೈಟ್ ಎಂಬ ಬಿಳಿ ಕಣಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಈ ಅನುಪಾತ. ಚಿಕಿತ್ಸೆಯ ನಂತರ ಇದು ಇಳಿದರೆ ಒಳ್ಳೆಯದು, ಏರುತ್ತ ಹೋದರೆ ಚಿಂತೆ. ಇದು ಸೂಚನೆ ಮಾತ್ರ. ಇಲಾಖೆಯು ಯಾರ ಆಯುಷ್ಯಕ್ಕೂ ದಿನಾಂಕ ನಿಗದಿಪಡಿಸಿರುವುದಿಲ್ಲ.

2. ಅನುಪಾತ ಏರಿತೆಂದು ಪೆಢಾ ಹಂಚತಕ್ಕದ್ದಲ್ಲ. ಈಗಾಗಲೇ ತಿಂದವರು ತಾವು ತಿಂದಿಲ್ಲವೆಂದು ಮೂರು ಪ್ರತಿಗಳಲ್ಲಿ ಮುಚ್ಚಳಿಕೆ ಬರೆದುಕೊಡತಕ್ಕದ್ದು.

3. ಧರಣೇಂದ್ರ ಅವರ ಅಂಕಿ ಏರಿದ್ದರಿಂದ ಕಾಲುವೆಗೆ ನೀರು ಬಿಡಬೇಕೆಂಬ ಅರ್ಜಿಗಳನ್ನು ತಿರಸ್ಕರಿಸಲಾಗಿದೆ. ಕಾಲುವೆಯ ಕೊನೆಯಲ್ಲಿ ಹೊಲವಿರುವ ಯಲ್ಲಾರಿ ಅವರ ಮೇಲ್ಮನವಿ ಮಾತ್ರ ಪರಿಶೀಲನೆಯಲ್ಲಿದೆ.

4. ಲಿಂಫೋಸೈಟ್‌ಗಳು ರಜೆ ಪಡೆಯದೆ ಗೈರುಹಾಜರಾಗಿರುವುದು ಕಂಡುಬಂದಿದ್ದು, ಏಳು ದಿನದೊಳಗೆ ಕರ್ತವ್ಯಕ್ಕೆ ಹಾಜರಾಗತಕ್ಕದ್ದು. ನ್ಯೂಟ್ರೋಫಿಲ್‌ಗಳು ಮಂಜೂರಾದ ಸಂಖ್ಯೆ ಮೀರಿ ಗುಂಪುಗೂಡತಕ್ಕದ್ದಲ್ಲ. ತಪ್ಪಿದಲ್ಲಿ ಬೇರೆ ತಾಲೂಕಿನ ರಕ್ತಕ್ಕೆ ವರ್ಗಾಯಿಸಲಾಗುವುದು.

5. ಹಲಗೆಯನ್ನು ಒದ್ದೆ ಬಟ್ಟೆಯಿಂದ ಅಳಿಸಿ, ಏರಿಕೆಯ ಅರ್ಥವನ್ನು ಜಿನ್ನವ್ವ ಅವರಿಗೆ ತಿಳಿಸಿ ಬರಲು ಶಿದ್ಲಿಂಗಪ್ಪ ಅವರನ್ನು ಕಳುಹಿಸಲಾಗಿತ್ತು. ಅವರು ಅಂಗಳದಲ್ಲಿ ದಾಖಲಿಸಿಕೊಂಡ ಧರಣೇಂದ್ರ ಅವರ ಹೇಳಿಕೆ ಯಥಾವತ್ತಾಗಿ ಹೀಗಿದೆ: “ಏರಿದ್ರ ಛಲೋ ಅಲ್ಲಂತ ಡಾಕ್ಟರು ಮೊದಲ ದಿನಾನ ಹೇಳ್ಯಾರ್ರಿ. ನಾ ಖರೇ ಅಂಕಿನ ಬರದೇನಿ, ಒಂದೂ ಸುಳ್ಳಿಲ್ಲ. ಏರಿದ್ದ ನೋಡಿ ಆಕಿ ಛಲೋ ಆತಂತ ತಿಳಕೊಂಡ್ಳು. ಮೂರ ತಿಂಗಳಿಂದ ಹೊಟ್ಟಿತುಂಬ ಉಂಡಿರಲಿಲ್ರಿ ಆಕಿ. ಈಗ ಉಣ್ಣಾಕತ್ತಾಳ. ಹೆಂಗ ಅಳಸಲ್ರಿ?”

6. ಸದರಿ ಹೇಳಿಕೆಯನ್ನು ಓದಿ ಇಲಾಖೆಗೆ ಸಂಕಟವಾಗಿರುತ್ತದೆ. ಆದ್ದರಿಂದ ಒಂದನೇ ಹಾಗೂ ಎರಡನೇ ಕಲಮುಗಳನ್ನು ಮಮದಾಪುರದ ಮಟ್ಟಿಗೆ ತಡೆಹಿಡಿಯಲಾಗಿದೆ. ಆ ಊರಿನಲ್ಲಿ ಈ ಸುತ್ತೋಲೆಯನ್ನು ಯಾರೂ ಓದತಕ್ಕದ್ದಲ್ಲ. ಓದಿದವರು ಅರ್ಥಮಾಡಿಕೊಳ್ಳತಕ್ಕದ್ದಲ್ಲ. ಅರ್ಥವಾದವರು ಪೆಢಾ ಕೊಟ್ಟರೆ ನಗುತ್ತ ತೆಗೆದುಕೊಳ್ಳತಕ್ಕದ್ದು.

ಸಹಿ/- (ಅಸ್ಪಷ್ಟ)
ಅಧೀನ ಕಾರ್ಯದರ್ಶಿ, ಏರಿಳಿತ ಶಾಖೆ

ಪ್ರತಿಗಳು:
1. ಘಟಪ್ರಭಾ ನಿಲ್ದಾಣದ ಬಾಜೂ ಇರುವ ಪೆಢಾ ಅಂಗಡಿಗೆ, ಮಾಹಿತಿಗಾಗಿ. ವ್ಯಾಪಾರ ಮುಂದುವರಿಸಬಹುದು.
2. ಸಂಬಂಧಪಟ್ಟ ಬಿಳಿ ಕಣಗಳಿಗೆ, ಧರಣೇಂದ್ರ ಅವರ ಮುಖಾಂತರ, ತುರ್ತು ಕ್ರಮಕ್ಕಾಗಿ.
3. ಶಿದ್ಲಿಂಗಪ್ಪ ಅವರಿಗೆ, ಬಳಸದೇ ಉಳಿದ ಒದ್ದೆ ಬಟ್ಟೆಯನ್ನು ಒಣಗಿಸಿ ಉಗ್ರಾಣಕ್ಕೆ ಮರಳಿಸಲು.
4. ಶ್ರೀಮತಿ ಜಿನ್ನವ್ವ ಅವರಿಗೆ: ಪ್ರತಿ ಕಳುಹಿಸತಕ್ಕದ್ದಲ್ಲ.